ದಿನವೂ ಕಟ್ಟಿ ಕೆಡವುವ ಊರು

ನನ್ನನ್ನು ಎಲ್ಲರೂ ಮೂ ಎನ್ನುತ್ತಾರೆ. ಮೂ ಎಂದರೆ ಹಂದಿ. ಹುಟ್ಟಿದಾಗ ಗುಂಡಗಿದ್ದೆನಂತೆ, ಅಮ್ಮ ಹಾಗೆ ಕರೆದಳು. ಈಗಲೂ ಗುಂಡಗಿದ್ದೇನೆ, ಹೆಸರೂ ಅಂಟಿಕೊಂಡಿದೆ. ನಮ್ಮಲ್ಲಿ ಇದಕ್ಕೆಲ್ಲ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ನಾನೀಗ ಹೇಳಹೊರಟಿರುವುದು ಮೊತ್ ಎಂಬಾಕೆಯ ವಿಷಯ. ಮೊತ್ ಎಂದರೆ ಇರುವೆ. ನನಗಿಂತ ದೊಡ್ಡವಳಾದ್ದರಿಂದ ನನಗೆ ಪಿ ಮೊತ್, ಅಂದರೆ ಮೊತ್ ಅಕ್ಕ. ಬ್ಯಾಂಕಾಕಿನಿಂದ ದೂರದ ಖೋನ್ ಕೆನ್ ಪೇಟೆಯ ನಮ್ಮ ಆಫೀಸಿನಲ್ಲಿ ಆಸ್ಪತ್ರೆಗಳಿಗೆ ಡೇಟಾಬೇಸ್ ಕಟ್ಟುವವನು ನಾನು, ಕಟ್ಟಿದ್ದನ್ನು ಪರೀಕ್ಷೆಗೆ ಹಾಕಿ ಬೀಳಿಸಲು ನೋಡುವವಳು ಆಕೆ. ನನ್ನ ತಲೆಯಲ್ಲಿ ಕೂದಲಿದ್ದ ಕಾಲದಿಂದಲೂ ಈ ಇರುವೆ ಈ ಹಂದಿಯನ್ನು ಕಚ್ಚುತ್ತಲೇ ಬಂದಿದೆ.

ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೆಳಗಿನಿಂದ ಬೆವರು ಸುರಿಸಿ ಬರೆದ ಕೋಡನ್ನು ಆಕೆಗೆ ಒಪ್ಪಿಸಿ, ಒಂದು ಸಿಗರೇಟು ಸೇದಿ ಬರುವಷ್ಟರಲ್ಲಿ ವಾಪಸ್ಸು ಬಂದು ಕೂತಿರುತ್ತಿತ್ತು. ಬೈಗುಳವಿಲ್ಲ, ವ್ಯಂಗ್ಯವಿಲ್ಲ. "ಮೂ, ನಿನ್ನ ಕೋಡು ಸನ್ಯಾಸಿಗಳನ್ನ ಸಾಯಿಸ್ತಾ ಇದೆ, ನೋಡು" ಎಂದು ಒಂದೇ ಸಾಲು. ನೋಡಿದರೆ ನಿಜ. ನಮ್ಮಲ್ಲಿ ಗಂಡಸರು ಮಳೆಗಾಲದಲ್ಲಿ ತಲೆ ಬೋಳಿಸಿಕೊಂಡು ಕೆಲವು ತಿಂಗಳು ವಿಹಾರದಲ್ಲಿರುತ್ತಾರೆ. ಆಗ ಅವರ ಹೆಸರಿನ ಮೊದಲಿಗಿದ್ದ 'ಶ್ರೀ' ಹೋಗಿ ಬೇರೆಯೇ ಗೌರವಪದ ಬರುತ್ತದೆ. ನನ್ನ ಕೋಡು ಅದನ್ನು ನೋಡಿ, ಹಳೆಯ ಮನುಷ್ಯ ಇಲ್ಲವಾದ ಎಂದು ಲೆಕ್ಕ ಹಾಕುತ್ತಿತ್ತು. ಆ ಒಂದು ಸಾಲಿಗೆ ನಾನು ಎರಡು ದಿನ ಆಕೆಯ ಜೊತೆ ಮಾತು ಬಿಟ್ಟಿದ್ದೆ. ಆಕೆ ಅದನ್ನು ಗಮನಿಸಿದಂತೆಯೂ ಕಾಣಲಿಲ್ಲ. ನನ್ನ ಪಕ್ಕದ ಮೇಜಿನಲ್ಲೇ ಕೂತು, ಹುಳಿ ಬರಿಸಿದ ಮೀನಿನ ಚಟ್ನಿಗೆ ಅಂಟು ಅನ್ನದ ಉಂಡೆ ಅದ್ದಿಕೊಂಡು ಚಪ್ಪರಿಸುತ್ತಿದ್ದಳು. ಆ ವಾಸನೆಗೆ ಏರ್ ಕಂಡೀಷನರ್ ಕೂಡ ಕೈ ಎತ್ತಿಬಿಡುತ್ತಿತ್ತು.

ಪಿ ಮೊತ್ ಓದಿದ್ದು ಕಾಮರ್ಸು. ಚಿಕ್ಕ ವಯಸ್ಸಿನಲ್ಲಿ ಒಂದು ಆಸ್ಪತ್ರೆಯ ಹಳೆಯ ರಟ್ಟಿನ ಕಾರ್ಡುಗಳನ್ನು ಕಂಪ್ಯೂಟರಿಗೆ ಟೈಪು ಮಾಡುವ ಕೆಲಸಕ್ಕೆ ಸೇರಿದಳು. ಜೊತೆಯವರೆಲ್ಲ ಬೇಸರದಿಂದ ಬಿಟ್ಟುಹೋದರು, ಆಕೆ ಮಾತ್ರ ಕಥೆ ಪುಸ್ತಕ ಸಿಕ್ಕಿದವಳ ಹಾಗೆ ಅಂಟಿಕೊಂಡಳು. ಮನುಷ್ಯರು ಎಷ್ಟು ಬಗೆಯಾಗಿರುತ್ತಾರೆ ಎಂಬುದು ಆಕೆಗೆ ಅಲ್ಲಿ ತಿಳಿಯಿತಂತೆ. ಹುಟ್ಟಿದ ವರ್ಷ ಮಾತ್ರ ಗೊತ್ತಿದ್ದು ತಿಂಗಳು, ತಾರೀಖು ಗೊತ್ತಿಲ್ಲದ ಮುದುಕರು. ಐನೂರ ನಲವತ್ತಮೂರು ವರ್ಷ ಮುಂದಿರುವ ನಮ್ಮ ಬುದ್ಧಶಕೆಯ ವರ್ಷವನ್ನೂ ಇಂಗ್ಲಿಷ್ ವರ್ಷವನ್ನೂ ಕಲಸಿ ಬರೆದದ್ದರಿಂದ ಇನ್ನೂ ಹುಟ್ಟಬೇಕಾಗಿದ್ದ ಗರ್ಭಿಣಿಯರು. ಒಂದೇ ದಿನ, ಒಂದೇ ಅಪ್ಪ ಅಮ್ಮನಿಗೆ ಹುಟ್ಟಿದ ಅವಳಿಗಳು. ಇವರನ್ನೆಲ್ಲ ಆಕೆ ಮರೆಯಲಿಲ್ಲ. ನಮ್ಮ ಆಫೀಸಿಗೆ ಬಂದ ಮೇಲೆ ಇಂಥವರಿಗಾಗಿ ಒಂದು ಊರನ್ನೇ ಕಟ್ಟಿದಳು.

ಬಾನ್ ಮೊತ್, ಅಂದರೆ ಮೊತ್‌ಳ ಊರು ಎಂದು ನಾವು ತಮಾಷೆಗೆ ಕರೆಯುತ್ತಿದ್ದೆವು. ಅದು ಇರುವುದು ಕಂಪ್ಯೂಟರಿನ ಒಳಗೆ. ಅಲ್ಲಿರುವವರೆಲ್ಲ ಆಕೆ ಹುಟ್ಟಿಸಿದ ಸುಳ್ಳು ಮನುಷ್ಯರು. ಆದರೆ ಒಬ್ಬೊಬ್ಬರಿಗೂ ಮನೆ, ಸಂಸಾರ, ಕಾಯಿಲೆ, ಜಗಳ ಎಲ್ಲವೂ ಉಂಟು. ನಾವು ಯಾವತ್ತಾದರೂ ಎಡವಿದರೆ, ಎಡವಿಸಿದಂಥ ಮನುಷ್ಯನೊಬ್ಬ ಆ ಊರಿನಲ್ಲಿ ಮನೆ ಮಾಡಿಬಿಡುತ್ತಿದ್ದ. ನಾವು ಕೋಡಿನಲ್ಲಿ ಒಂದು ಅಕ್ಷರ ಬದಲಾಯಿಸಿದರೂ ಸಾಕು: ಖಾಲಿ ಡೇಟಾಬೇಸ್ ಒಂದು ಎದ್ದು ನಿಲ್ಲುತ್ತದೆ, ಬಾನ್ ಮೊತ್‌ನ ಜನ ಒಬ್ಬೊಬ್ಬರಾಗಿ ಒಳಗೆ ಬರುತ್ತಾರೆ, ಆಸ್ಪತ್ರೆಗೆ ಹೋಗುತ್ತಾರೆ, ಮದ್ದು ತೆಗೆದುಕೊಳ್ಳುತ್ತಾರೆ, ಮನೆಗೆ ಬರುತ್ತಾರೆ. ಎಲ್ಲರೂ ನೆಟ್ಟಗೆ ಮನೆಗೆ ಬಂದರೆ ಪರದೆ ಹಸಿರು. ಒಬ್ಬರು ದಾರಿ ತಪ್ಪಿದರೂ ಕೆಂಪು. ಆಮೇಲೆ ಊರಿಗೆ ಊರೇ ಅಳಿಸಿಹೋಗುತ್ತದೆ. ಮರುದಿನ ಮತ್ತೆ ಮೊದಲಿನಿಂದ. ನಿನ್ನೆಯ ಕೊಳೆ ಇವತ್ತಿನ ಪರೀಕ್ಷೆಗೆ ಅಂಟಬಾರದು ಎಂದು ಹಾಗೆ.

ಈ ಊರಿಗೆ ಒಂದೇ ಕಟ್ಟುಪಾಡು. ನಿಜವಾದ ರೋಗಿಯೊಬ್ಬರೂ ಒಳಗೆ ಕಾಲಿಡಬಾರದು. ಒಂದು ಸಲ ನಾನು ಅವಸರಕ್ಕೆ ಆಸ್ಪತ್ರೆಯ ಅಸಲಿ ದಾಖಲೆಗಳ ಒಂದು ತುಣುಕನ್ನು ತಂದು ಪರೀಕ್ಷೆಗೆ ಹಾಕಿದೆ. ಪಿ ಮೊತ್ ಎದ್ದು ಬಂದು ನನ್ನ ಕಂಪ್ಯೂಟರಿನ ತಂತಿಯನ್ನೇ ಕಿತ್ತಳು.

"ನಿನ್ನ ಹೆಂಡ್ತಿಗೆ ಏನ್ ಕಾಯಿಲೆ ಅಂತ ನಾನು ಓದ್ಲಾ?" ಎಂದಳು. ಅಷ್ಟೇ. ಮತ್ತೆ ನಾನು ಆ ತಂಟೆಗೆ ಹೋಗಲಿಲ್ಲ.

ಇನ್ನು ಬ್ಯಾಕಪ್ಪಿನ ವಿಷಯದಲ್ಲಂತೂ ಆಕೆ ರಾಕ್ಷಸಿ. ಬ್ಯಾಕಪ್ ತೆಗೆದಿಟ್ಟಿದ್ದೇನೆ ಪಿ ಎಂದರೆ ನಂಬುವವಳಲ್ಲ. "ಇದೆ ಅನ್ಬೇಡ. ಎಬ್ಬಿಸಿ ತೋರ್ಸು." ಬೇರೆ ಯಂತ್ರದಲ್ಲಿ ಅದನ್ನು ಬಿಚ್ಚಿ, ಅದು ಎದ್ದು ಕೂತು ಮಾತಾಡಿದ ಮೇಲೆಯೇ ನನ್ನನ್ನು ಊಟಕ್ಕೆ ಬಿಡುತ್ತಿದ್ದಳು. ಇಷ್ಟೆಲ್ಲ ಲೆಕ್ಕಾಚಾರದ ಹೆಂಗಸು ಪ್ರತಿ ಬೆಳಿಗ್ಗೆ ಆಫೀಸಿನ ಮುಂದಿನ ಭೂತದ ಗುಡಿಗೆ ಕೆಂಪು ಸೋಡಾ ಇಟ್ಟು ಕೈ ಮುಗಿಯುತ್ತಾಳೆ, ಸರ್ವರ್ ಪೆಟ್ಟಿಗೆಗೆ ಮಲ್ಲಿಗೆ ಹಾರ ಹಾಕುತ್ತಾಳೆ. ನಾನು ಕಿಚಾಯಿಸಿದರೆ, "ನಿನ್ನ ಕೋಡು ಓಡೋ ಯಂತ್ರ ಕಣೋ, ಅದಕ್ಕೂ ಯಾರಾದ್ರೂ ಸಮಾಧಾನ ಹೇಳಬೇಕಲ್ಲ" ಎನ್ನುತ್ತಿದ್ದಳು.

ಆ ವರ್ಷ ನಮಗೆ ದೊಡ್ಡ ಕೆಲಸವೊಂದು ಸಿಕ್ಕಿತು. ಸುತ್ತಲಿನ ಮೂರು ತಾಲ್ಲೂಕು ಆಸ್ಪತ್ರೆಗಳ ದಾಖಲೆಗಳನ್ನು ಒಂದು ಮಾಡಬೇಕು. ಯಾವ ಆಸ್ಪತ್ರೆಗೆ ಹೋದರೂ ರೋಗಿಗೆ ಯಾವ ಮದ್ದು ಆಗಿಬರುವುದಿಲ್ಲ ಎಂಬುದು ಪರದೆಯ ಮೇಲೆ ಕೆಂಪಗೆ ಕಾಣಬೇಕು. ನಮ್ಮ ಯಜಮಾನರು ಖುನ್ ಸೊಂಬತ್, ಖುನ್ ಎಂದರೆ ಶ್ರೀಯುತ. ಒಳ್ಳೆಯ ಮನುಷ್ಯರೇ, ಆದರೆ ಆತುರಗಾರರು. ಕೆಲಸ ಕೈಗೆ ಬಂದ ವಾರದಲ್ಲೇ ವಿಹಾರದ ಗುರುಗಳ ಹತ್ತಿರ ಹೋಗಿ, ಯಾವತ್ತು ಶುರು ಮಾಡಬೇಕೆಂದು ಮುಹೂರ್ತ ಇಡಿಸಿಕೊಂಡು ಬಂದರು. ಒಂಬತ್ತನೇ ತಾರೀಖು, ಬೆಳಿಗ್ಗೆ ಒಂಬತ್ತು ಗಂಟೆ ಒಂಬತ್ತು ನಿಮಿಷ. ಗವರ್ನರ್ ಕಚೇರಿಯವರಿಗೂ ಆಹ್ವಾನ ಹೋಯಿತು.

ಅದೇ ಹೊತ್ತಿಗೆ ಪಾ ಸೈಗೆ ಹೊಟ್ಟೆನೋವು ಶುರುವಾಯಿತು. ಪಾ ಎಂದರೆ ದೊಡ್ಡಮ್ಮ. ಪಾ ಸೈ ನಮ್ಮ ಆಫೀಸಿನ ಗೇಟಿನ ಪಕ್ಕ ಹುಣಸೆ ಮರದ ಕೆಳಗೆ ಹಸಿ ಪಪ್ಪಾಯಿ ಕುಟ್ಟಿ ಮಾರುವ ಮುದುಕಿ. ಒಂಟಿ ಜೀವ. ಗಂಡ ಎಂದೋ ಬಿಟ್ಟುಹೋದ, ಮಕ್ಕಳಿಲ್ಲ. ಬಾಯಿ ಮಾತ್ರ ಒರಳುಗಲ್ಲಿಗಿಂತ ಜೋರು. ನಾನು ಮೆಣಸಿನಕಾಯಿ ಕಡಿಮೆ ಹಾಕು ಎಂದರೆ, "ಮೂ, ನೀನೇನು ಬ್ಯಾಂಕಾಕಿನವನೇನೋ?" ಎಂದು ಇನ್ನೆರಡು ಹಾಕುವವಳು. ಅಂಥವಳು ಒನಕೆ ಕೈಬಿಟ್ಟು ಪಕ್ಕೆ ಹಿಡಿದುಕೊಂಡು ಕೂತುಬಿಟ್ಟಳು. ಪಿ ಮೊತ್ ತನ್ನ ಬೈಕಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ದಳು. ಪಿತ್ತಕೋಶದ ತುಂಬ ಕಲ್ಲು. ಆಪರೇಷನ್ ಆಗಲೇಬೇಕು.

"ಯಾವ ಮದ್ದಾದ್ರೂ ಮೈಗೆ ಆಗಿಬರಲ್ವಾ ಅಮ್ಮಾ?" ಎಂದು ಡಾಕ್ಟರು ಕೇಳಿದರು.

"ಆಗಿಬರಲ್ಲ. ಚಿಕ್ಕೋಳಿದ್ದಾಗ ನಮ್ಮೂರ ಕಡೆ ಆಸ್ಪತ್ರೇಲಿ ಸೂಜಿ ಚುಚ್ಚಿದ್ರು. ಮುಖ ಹಲಸಿನಹಣ್ಣಿನ ಥರ ಊದ್ಕೊಳ್ತು. ಉಸಿರೇ ನಿಂತುಹೋಗಿತ್ತು."

"ಯಾವ ಸೂಜಿ?"

"ಅದು ನಂಗೇನ್ ಗೊತ್ತು? ಡಾಕ್ಟ್ರು ಬರ್ಕೊಂಡ್ರು. ನಾನು ಪಪ್ಪಾಯಿ ಕುಟ್ಟೋಳು."

ಅವಳ ಊರಿನ ಆ ಆಸ್ಪತ್ರೆ ನಾವು ಒಂದು ಮಾಡುತ್ತಿದ್ದ ಮೂರರಲ್ಲಿ ಒಂದು. ಅಲ್ಲಿಗೆ ಫೋನ್ ಮಾಡಿದರೆ ಅವರು ಮೊದಲು ಕೇಳುವುದೇ ಹೆಸರು. ಆ ಕಾಲದ ಕಾರ್ಡುಗಳಲ್ಲಿ ಗುರುತಿನ ಸಂಖ್ಯೆ ಇರಲಿಲ್ಲ. ಪಾ ಸೈ ಆಗ ಇದ್ದದ್ದು ಬೇರೆ ಹೆಸರಿನಲ್ಲಿ. ಗಂಡ ಬಿಟ್ಟು, ಅಂಗಡಿ ಸುಟ್ಟು, ಕಾಲು ಮುರಿದು ಎಲ್ಲವೂ ಒಂದೇ ವರ್ಷ ಬಂದಾಗ ಗುರುಗಳು, ನಿನ್ನ ಹೆಸರಿನಲ್ಲೇ ದೋಷವಿದೆ ಎಂದು ಹೊಸ ಹೆಸರು ಕೊಟ್ಟಿದ್ದರು. ನಮ್ಮ ಕಡೆ ಇದು ಅಂಗಿ ಬದಲಾಯಿಸಿದಷ್ಟು ಸಾಮಾನ್ಯ. ಹಳೆಯ ಹೆಸರು ಕೇಳಿದರೆ ಪಾ ಸೈ ಮುಖ ತಿರುಗಿಸಿದಳು, ನೋವಿಗೆ ಎಂದುಕೊಂಡು ಡಾಕ್ಟರು ತಲೆ ಕೆರೆದುಕೊಂಡರು. ಯಾವ ಮದ್ದೆಂದು ತಿಳಿಯದೆ ಚಾಕು ಹಿಡಿಯಲು ನನಗೆ ಧೈರ್ಯವಿಲ್ಲ, ತುಂಬ ದಿನ ಕಾಯುವ ಹಾಗೂ ಇಲ್ಲ. ನಿಮ್ಮ ಹೊಸ ವ್ಯವಸ್ಥೆ ಶುರುವಾದ ಮೇಲೆ ಅದರಲ್ಲಿ ನೋಡಿ, ಆ ವಾರವೇ ಮಾಡಿಬಿಡೋಣ ಎಂದರು. ಪಿ ಮೊತ್ ಆಫೀಸಿಗೆ ಬಂದವಳೇ ಬಾನ್ ಮೊತ್‌ನಲ್ಲಿ ಹೊಸ ಮನೆಯೊಂದನ್ನು ಕಟ್ಟಿದಳು. ಖಾಮ್ ಅಜ್ಜಿ. ಒಂದು ಆಸ್ಪತ್ರೆಯಲ್ಲಿ ಹಳೆಯ ಹೆಸರು, ಇನ್ನೊಂದರಲ್ಲಿ ಹೊಸದು, ಮೈಗೆ ಆಗದ ಮದ್ದು ಹಳೆಯ ಹೆಸರಿನಲ್ಲಿ ಮಾತ್ರ. ಪಾ ಸೈಯ ಊರು, ವಯಸ್ಸು ಏನನ್ನೂ ಅದರಲ್ಲಿ ಬಳಸಲಿಲ್ಲ. ಕಷ್ಟವನ್ನಷ್ಟೇ ತೆಗೆದುಕೊಂಡಳು.

ಖಾಮ್ ಅಜ್ಜಿ ಮೊದಲ ದಿನವೇ ಕೆಂಪಾದಳು. ನನ್ನ ಕೋಡು ಹೆಸರು, ಹುಟ್ಟಿದ ವರ್ಷ ನೋಡಿ ಜೋಡಿಸುತ್ತಿತ್ತು. ಅದರ ಕಣ್ಣಿಗೆ ಅವಳು ಇಬ್ಬರು ಹೆಂಗಸರು. ಹೊಸ ಹೆಸರಿನವಳಿಗೆ ಎಲ್ಲ ಮದ್ದೂ ಆಗುತ್ತದೆ ಎಂದು ಪರದೆ ಹೇಳುತ್ತಿತ್ತು. ಏನೂ ಹೇಳದೆ ಸುಮ್ಮನಿದ್ದಿದ್ದರೆ ವಾಸಿಯಿತ್ತು.

ಇದೇ ಹೊತ್ತಿಗೆ ಖುನ್ ಸೊಂಬತ್ ಸಿಂಗಾಪುರದಿಂದ ಒಂದು ಸಾಧನ ತರಿಸಿದ್ದರು. ಗುಂಡಿ ಒತ್ತಿದರೆ ಸುಳ್ಳು ರೋಗಿಗಳನ್ನು ಉದುರಿಸುವ ಯಂತ್ರ ಅನ್ನಿ. ಅದರ ರೋಗಿಗಳೆಲ್ಲರೂ ಹಸಿರು. ಅವರು ಖುಷಿಯಿಂದ ಪಿ ಮೊತ್‌ಳನ್ನು ಕರೆದರು.

"ನೋಡು ಮೊತ್. ಒಂದು ಲಕ್ಷ ಜನ. ನಿನ್ನ ಊರಲ್ಲಿ ಎಷ್ಟು ಮಂದಿ?"

"ನಾನೂರು ಚಿಲ್ರೆ ಇರಬಹುದು."

"ಮತ್ತೆ?"

ಪಿ ಮೊತ್ ಪರದೆಯನ್ನು ಒಂದಷ್ಟು ಮೇಲೆ ಕೆಳಗೆ ಓಡಿಸಿದಳು. "ಖುನ್ ಸೊಂಬತ್, ಇವರಲ್ಲಿ ಒಬ್ಬರಿಗೂ ಕೆಟ್ಟ ಕಾಲ ಬಂದಿಲ್ಲ."

"ಅಂದ್ರೆ?"

"ಒಬ್ರೂ ಹೆಸರು ಬದಲಾಯಿಸಿಲ್ಲ. ಒಬ್ಬ ಗಂಡಸೂ ಮಳೆಗಾಲಕ್ಕೆ ಸನ್ಯಾಸಿ ಆಗಿ ವಾಪಸ್ ಬಂದಿಲ್ಲ. ಮುದುಕರಿಗೂ ಹುಟ್ಟಿದ ತಾರೀಖು ಗೊತ್ತು. ಇಷ್ಟು ಸುಖವಾಗಿರೋ ಜನ ಯಾವ ದೇಶದೋರು?"

ಖುನ್ ಸೊಂಬತ್‌ಗೆ ನಗು ಬಂತು, ತಡೆದುಕೊಂಡರು. ಕೊನೆಗೆ ಅವರೇ ಒಂದು ದಾರಿ ಸೂಚಿಸಿದರು: ಕೌಂಟರಿನಲ್ಲಿ ನರ್ಸು 'ಹಿಂದಿನ ಹೆಸರೇನು' ಎಂದು ಕೇಳಲಿ, ಅದಕ್ಕೊಂದು ಜಾಗ ಮಾಡು. ಕೆಟ್ಟ ಉಪಾಯವೇನಲ್ಲ. ನಾನು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಿದೆ. ಖಾಮ್ ಅಜ್ಜಿ ಹಸಿರಾದಳು. ನಾನು ಎದೆಯುಬ್ಬಿಸಿಕೊಂಡು ಸಿಗರೇಟಿಗೆ ಹೊರಟೆ.

"ಎಲ್ಲಿಗೆ?" ಎಂದಳು ಪಿ ಮೊತ್. "ಖಾಮ್ ಅಜ್ಜಿ ನಾನು ಹೇಳ್ಕೊಟ್ಟ ಹಾಗೆ ಮಾತಾಡ್ತಾಳೆ. ನಿಜವಾದ ಅಜ್ಜೀರು ಮಾತಾಡ್ತಾರಾ ನೋಡ್ಬೇಕು."

ಇದೂ ಆಕೆಯ ಪದ್ಧತಿಯೇ. ಯಂತ್ರದಲ್ಲಿ ಹಸಿರಾದದ್ದನ್ನು ಮನುಷ್ಯರ ಮುಂದಿಟ್ಟು ಇನ್ನೊಮ್ಮೆ ನೋಡಬೇಕು. ಮುಹೂರ್ತಕ್ಕೆ ವಾರವಿರುವಾಗ ಆಸ್ಪತ್ರೆಯ ಹಜಾರದಲ್ಲಿ ತಾಲೀಮು ಇಟ್ಟುಕೊಂಡೆವು. ಊರಿನ ಕೆಲವು ವಯಸ್ಸಾದವರನ್ನು ಕರೆದಿದ್ದೆವು, ಬಂದವರಿಗೆ ಕೋಳಿ, ಅಂಟು ಅನ್ನ. ಕೌಂಟರಿನಲ್ಲಿ ನರ್ಸು ಒಬ್ಬಳು, ಖಾಲಿ ಡೇಟಾಬೇಸ್ ಒಂದು. ಖುನ್ ಸೊಂಬತ್ ಕೂಡ ಬಂದು ಮುಂದಿನ ಕುರ್ಚಿಯಲ್ಲಿ ಕೂತರು. ಮೊದಲು ನಾನು ಎಂದು ಪಾ ಸೈ ನುಗ್ಗಿ ಬಂದಳು, ಒಂದು ಕೈ ಪಕ್ಕೆಯ ಮೇಲೆ.

"ಹಿಂದಿನ ಹೆಸರೇನು ಪಾ?" ಎಂದಳು ನರ್ಸು.

ಪಾ ಸೈಯ ಮುಖ ಬಿಗಿಯಿತು. "ಅದನ್ನ ಯಾಕೆ ಕೇಳ್ತೀಯಾ?"

"ಹಳೇ ದಾಖಲೆ ಹುಡುಕೋಕೆ."

"ಹೇಳಲ್ಲ."

"ಪಾ, ನಿಮ್ಮ ಒಳ್ಳೇದಕ್ಕೇ ಕೇಳ್ತಿರೋದು."

"ಆ ಹೆಸರನ್ನ ಚೀ ನದೀಲಿ ಬಿಟ್ಟು, ಹಿಂದಕ್ಕೆ ತಿರುಗಿ ನೋಡ್ದೆ ಬಂದಿದೀನಿ. ಹೆಸರು ಬದಲಾಯ್ಸಿದ ತಾಲ್ಲೂಕು ಕಚೇರಿ ಕಾಗದಾನೂ ಅದರ ಜೊತೇಲೇ ಬಿಟ್ಟೆ. ಈಗ ಬಾಯಿಬಿಟ್ಟು ಕರೆದ್ರೆ ಅದು ವಾಪಸ್ ಬರುತ್ತೆ. ಹೊಟ್ಟೆ ಕೊಯ್ಸಿಕೊಳ್ಳೋ ಟೈಮಲ್ಲಿ ಅದನ್ನ ಕರೀತೀನಾ ನಾನು?"

ಸಾಲಿನಲ್ಲಿದ್ದ ಅಜ್ಜಿಯರೆಲ್ಲ ಹೌದೌದು ಎಂದು ತಲೆಯಾಡಿಸಿದರು. ಅವರಲ್ಲಿ ಒಬ್ಬಳಂತೂ ನಮ್ಮನ್ನೇ ಗದರಿಸಿದಳು, ಇಂಥ ಪ್ರಶ್ನೆ ಯಾರು ಕಲಿಸಿದ್ದು ನಿಮಗೆ ಎಂದು. ನನ್ನ ಒಂದು ಮಧ್ಯಾಹ್ನದ ಕೆಲಸ ಅಲ್ಲೇ ಮಣ್ಣುಪಾಲಾಯಿತು. ನಾನೂ ಇದೇ ಮಣ್ಣಿನಲ್ಲಿ ಹುಟ್ಟಿದವನು, ಬಿಟ್ಟ ಹೆಸರನ್ನು ಬಾಯಲ್ಲಿ ತರಬಾರದೆಂದು ನನಗೂ ಗೊತ್ತು. ಆದರೂ ಕಂಪ್ಯೂಟರಿನ ಮುಂದೆ ಕೂತಾಗ ಅದು ತಲೆಗೇ ಹೊಳೆದಿರಲಿಲ್ಲ.

ಖುನ್ ಸೊಂಬತ್ ಪಿ ಮೊತ್‌ಳನ್ನೂ ನನ್ನನ್ನೂ ಕಿಟಕಿಯ ಹತ್ತಿರ ಕರೆದರು. ದನಿ ತಗ್ಗಿಸಿದ್ದರು, ಆದರೆ ಕೋಪ ಏರಿತ್ತು.

"ಇನ್ನು ಟೈಮಿಲ್ಲ ಮೊತ್. ಮುಹೂರ್ತ ತಪ್ಪಿಸಕ್ಕಾಗಲ್ಲ, ಗವರ್ನರ್ ಕಚೇರಿಯವರು ಬರ್ತಾರೆ. ಖಾಮ್ ಅಜ್ಜೀನ ಸ್ವಲ್ಪ ದಿನ ಊರಿಂದ ಆಚೆ ಕಳಿಸು. ಆ ಒಂದು ಪರೀಕ್ಷೆ ಆಫ್ ಮಾಡು."

"ಪಾ ಸೈ?"

"ಪಾ ಸೈ ದಾಖಲೇನ ನಾವೇ ಹುಡುಕಿ ಕೈಯಾರೆ ಜೋಡ್ಸೋಣ. ಅವಳ ಊರಿನ ಆಸ್ಪತ್ರೇಲಿ ಆ ವಯಸ್ಸಿನ ಹೆಂಗಸರ ಕಾರ್ಡುಗಳನ್ನ ಒಂದೊಂದಾಗಿ ತೆರೆದು ನೋಡಿದ್ರೆ ಸಿಕ್ಕೇ ಸಿಗತ್ತೆ. ಮೂ ಮಾಡ್ತಾನೆ. ನಿನಗೆ ಬೇಕಾಗಿರೋದೂ ಅದೇ ತಾನೇ?"

ನಿಜ ಹೇಳುತ್ತೇನೆ, ನನಗೆ ಅದು ಸರಿ ಎನ್ನಿಸಿತು. ಮುದುಕಿಯ ಜೀವ ಉಳಿಯುತ್ತದೆ, ಮುಹೂರ್ತವೂ ಉಳಿಯುತ್ತದೆ. "ಒಪ್ಕೊಳಿ ಪಿ" ಎಂದೆ.

ಪಿ ಮೊತ್ ನನ್ನ ಕಡೆ ತಿರುಗಲಿಲ್ಲ. "ಪಾ ಸೈ ನಮ್ಮ ಗೇಟ್ ಹತ್ರ ಕೂತು ಪಪ್ಪಾಯಿ ಕುಟ್ತಾಳೆ. ಅದಕ್ಕೇ ಅವಳ ಕಷ್ಟ ನಮಗೆ ಗೊತ್ತಾಯ್ತು. ನಮ್ಮ ಗೇಟ್ ಹತ್ರ ಇಲ್ದೇ ಇರೋರ್ನ ಯಾರು ಕೈಯಾರೆ ಜೋಡಿಸ್ತಾರೆ ಖುನ್ ಸೊಂಬತ್? ಮತ್ತೆ, ಒಬ್ಬಳನ್ನ ಹುಡುಕೋಕೆ ಉಳಿದ ಅಷ್ಟೂ ಹೆಂಗಸರ ಕಾರ್ಡು ಮೂ ಯಾಕೆ ಓದ್ಬೇಕು?"

"ಅಂಥವರು ಎಷ್ಟು ಜನ ಇರ್ತಾರೆ ಹೇಳು. ಬೆರಳೆಣಿಕೆ."

ಪಿ ಮೊತ್ ಹಜಾರದ ಕಡೆ ತಿರುಗಿದಳು. ಆಕೆ ದನಿ ಏರಿಸುವುದು ಅಪರೂಪ, ಏರಿಸಿದರೆ ಎಲ್ಲರಿಗೂ ಕೇಳಿಸುತ್ತದೆ. "ಅಮ್ಮ ಇಟ್ಟ ಹೆಸರಲ್ಲೇ ಇವತ್ತೂ ಇರೋರು ಒಂದು ಸಲ ಕೈ ಎತ್ತಿ."

ಕೆಲವು ಕೈಗಳು ಮೇಲೆದ್ದವು. ನನ್ನದೂ ಎದ್ದಿತು. ಉಳಿದವರು ಸುಮ್ಮನೆ ಕೂತಿದ್ದರು, ಅರ್ಧಕ್ಕಿಂತ ಹೆಚ್ಚು ಜನ. ಕೌಂಟರಿನ ನರ್ಸಿನ ಕೈ ಮೇಜಿನ ಮೇಲೇ ಇತ್ತು. ಖುನ್ ಸೊಂಬತ್‌ರ ಕೈ ಪ್ಯಾಂಟಿನ ಜೇಬಿನಲ್ಲಿತ್ತು. ವ್ಯಾಪಾರ ಕುದುರಲೆಂದು ಹೋದ ಹೊಸವರ್ಷಕ್ಕಷ್ಟೇ ಅವರು ಹೆಸರು ಬದಲಾಯಿಸಿಕೊಂಡಿದ್ದರು, ನಾವೆಲ್ಲ ಹೊಸ ಹೆಸರಿನ ಊಟ ಉಂಡಿದ್ದೆವು. ಅವರು ತಮ್ಮ ಜೇಬನ್ನು ನೋಡಿಕೊಂಡರು, ಹಜಾರವನ್ನು ನೋಡಿದರು.

ಅಷ್ಟರಲ್ಲಿ ಕೌಂಟರಿನ ನರ್ಸು ತನ್ನ ಪಾಡಿಗೆ ಮುಂದಿನ ಪ್ರಶ್ನೆಗಳನ್ನು ಮುಗಿಸಲು ಹೊರಟಳು. ಸಾಲು ಉದ್ದವಿತ್ತಲ್ಲ.

"ಸರಿ ಬಿಡಿ ಪಾ. ಅಪ್ಪನ ಹೆಸರು?"

"ಸೀ. ಎತ್ತಿನ ವ್ಯಾಪಾರಿ. ಇಡೀ ತಾಲ್ಲೂಕಿಗೇ ಗೊತ್ತಿದ್ದೋನು."

"ಅಮ್ಮನ ಹೆಸರು?"

"ಬುವಾಫಾನ್" ಎಂದಳು ಪಾ ಸೈ. ಆಗ ಅವಳ ದನಿಯೇ ಬೇರೆಯಾಗಿತ್ತು. "ಬುವಾಫಾನ್. ರೇಷ್ಮೆ ನೇಯೋದ್ರಲ್ಲಿ ನಮ್ಮಮ್ಮನ ಮೀರಿಸೋರು ಇರ್ಲಿಲ್ಲ. ನಂಗೆ ಮದುವೆ ಆಗೋಕ್ ಮುಂಚೇನೇ ಹೋಗ್ಬಿಟ್ಳು. ಬರ್ಕೋ, ಸರಿಯಾಗಿ ಬರ್ಕೋ. ಇದ್ರಲ್ಲೇನೂ ದೋಷ ಇಲ್ಲ, ಎಷ್ಟು ಸಲ ಬೇಕಾದ್ರೂ ಹೇಳ್ತೀನಿ."

ಪಿ ಮೊತ್ ಕಿಟಕಿಯ ಹತ್ತಿರದಿಂದ ಕೌಂಟರಿಗೆ ಹೋದಳು. ನಾನು ಹಿಂದೆಯೇ ಓಡಿದೆ, ಆಕೆಯ ಆ ನಡಿಗೆ ನನಗೆ ಗೊತ್ತು.

"ಮೂ, ಹಳೇ ಕಾರ್ಡುಗಳಲ್ಲಿ ಅಪ್ಪ ಅಮ್ಮನ ಹೆಸರು ಇದೆಯಲ್ಲ?"

"ಇದೆ ಪಿ. ನಾವು ಅದನ್ನ ಮುಟ್ಟಿಲ್ಲ ಅಷ್ಟೆ. ಯಾವುದಕ್ಕೂ ಬೇಕಾಗಲ್ಲ ಅಂತ ಪಕ್ಕಕ್ಕಿಟ್ಟೆ."

"ತಮ್ಮ ಹೆಸರನ್ನ ನದಿಗೆ ಹಾಕ್ತಾರೆ. ಅಮ್ಮನ ಹೆಸರನ್ನ ಯಾರೂ ಹಾಕಲ್ಲ. ಅದರ ಮೇಲೆ ಜೋಡಿಸು."

ಅಂದೇ ಶುರು ಮಾಡಿದೆ. ಅಪ್ಪನ ಹೆಸರು, ಅಮ್ಮನ ಹೆಸರು, ಹುಟ್ಟಿದ ವರ್ಷ, ಹುಟ್ಟಿದ ಊರು. ಇವು ನಾಲ್ಕೂ ಕೂಡಿಬಂದರೆ ಒಬ್ಬರೇ ಮನುಷ್ಯರು. ಖಾಮ್ ಅಜ್ಜಿ ಹಸಿರಾದಳು. ಆದರೆ ಬಾನ್ ಮೊತ್‌ನ ಇನ್ನೊಂದು ಮೂಲೆಯಲ್ಲಿ ಅವಳಿ ಅಕ್ಕತಂಗಿಯರು ಕೆಂಪಗೆ ಉರಿಯತೊಡಗಿದರು. ಅವರಿಗೆ ಅಪ್ಪ ಅಮ್ಮ ಒಂದೇ, ವರ್ಷ ಒಂದೇ, ಊರೂ ಒಂದೇ. ನನ್ನ ಕೋಡು ಇಬ್ಬರನ್ನೂ ಕಲಸಿ ಒಬ್ಬಳನ್ನಾಗಿ ಮಾಡಿತ್ತು. ನಾನು ಮೇಜು ಗುದ್ದಿದೆ. ಆ ಅವಳಿಗಳನ್ನು ಹುಟ್ಟಿಸಿದವಳನ್ನೂ ಬಾಯಿಗೆ ಬಂದಂತೆ ಬೈದೆ.

"ಬೈದು ಮುಗೀತಾ?" ಎಂದಳು ಪಿ ಮೊತ್. "ಈಗ ಕೇಳು. ಅನುಮಾನ ಇದ್ದ ಕಡೆ ಒಂದು ಮಾಡ್ಬೇಡ. ಇಬ್ಬರನ್ನೂ ಇಬ್ಬರಾಗೇ ಇಡು. ಆದರೆ ಒಬ್ಬಳಿಗೆ ಆಗದೇ ಇರೋ ಮದ್ದನ್ನ ಇನ್ನೊಬ್ಬಳ ಪರದೇಲೂ ಕೆಂಪಗೆ ತೋರ್ಸು, 'ಇವರಿಗೂ ಇರಬಹುದು, ವಿಚಾರಿಸಿ' ಅಂತ. ಡಾಕ್ಟ್ರು ಒಂದು ನಿಮಿಷ ಯೋಚನೆ ಮಾಡಲಿ. ಅದರಿಂದ ಯಾರೂ ಸಾಯಲ್ಲ."

ಎರಡು ದಿನ ಬಿಟ್ಟು ಇಡೀ ಊರು ಹಸಿರಾಯಿತು. ಅಷ್ಟರಲ್ಲಿ ಆಕೆ ಇನ್ನೊಂದು ಪರೀಕ್ಷೆ ಸೇರಿಸಿದಳು, ಅದು ಕೆಂಪು. ನನಗೆ ಸಾಕುಸಾಕಾಗಿತ್ತು. ಇದೇನು ಪಿ ಎಂದು ಕೂಗಾಡಿದೆ. ನೋಡಿದರೆ: ದಾಖಲೆ ಜೋಡಿಸಿದ ಮೇಲೆ ಹಳೆಯ ಹೆಸರು ಕೌಂಟರಿನ ಪರದೆಯಲ್ಲಾಗಲಿ, ವಾರ್ಡಿನ ಪರದೆಯಲ್ಲಾಗಲಿ ಎಲ್ಲೂ ಕಾಣಿಸಬಾರದು, ಯಾವ ನರ್ಸೂ ಅದನ್ನು ಜೋರಾಗಿ ಓದುವ ಹಾಗಿರಬಾರದು.

"ಇದನ್ನ ಯಾರೂ ಕೇಳಿಲ್ಲ" ಎಂದೆ.

"ಪಾ ಸೈ ಕೇಳಿದಾಳೆ. ನೀನೂ ಅಲ್ಲೇ ಇದ್ದೆ."

ಮಾಡಿದೆ. ಒಂಬತ್ತನೇ ತಾರೀಖು ಒಂಬತ್ತು ಗಂಟೆ ಒಂಬತ್ತು ನಿಮಿಷಕ್ಕೆ ಖುನ್ ಸೊಂಬತ್ ಹೊಸ ಅಂಗಿ ಹಾಕಿಕೊಂಡು ಗುಂಡಿ ಒತ್ತಿದರು. ಗುರುಗಳು ನೀರು ಚಿಮುಕಿಸಿದರು, ಅರ್ಧ ನನ್ನ ಕೀಬೋರ್ಡಿನ ಮೇಲೆ ಬಿತ್ತು. ಎಲ್ಲವೂ ನೆಟ್ಟಗೆ ನಡೆಯಿತು. ಖುನ್ ಸೊಂಬತ್ ಭಾಷಣದಲ್ಲಿ ಸಿಂಗಾಪುರದ ಸಾಧನವನ್ನು ಹೊಗಳಿದರು. ವೇದಿಕೆ ಇಳಿದು ಬಂದವರೇ ಪಿ ಮೊತ್‌ಳ ಹತ್ತಿರ ನಿಂತು, "ನಿನ್ನ ಊರನ್ನ ಇನ್ನು ಯಾರೂ ಮುಟ್ಟಲ್ಲ ಮೊತ್" ಎಂದರು. ಆಕೆ ಕೈ ಮುಗಿದು, ಮೊಟ್ಟೆ ಸಿಹಿಯ ತಟ್ಟೆ ಎತ್ತಿಕೊಂಡು ಸರ್ವರ್ ಕೋಣೆಗೆ ಹೋದಳು. ಗದ್ದಲದಲ್ಲಿ ಬ್ಯಾಕಪ್ಪು ನೋಡಲು ನಾನು ಮರೆತಿರುತ್ತೇನೆ ಎಂದು ಆಕೆಗೆ ಗೊತ್ತಿತ್ತು.

ಅದೇ ವಾರ ಪಾ ಸೈ ಆಪರೇಷನ್ನಿಗೆ ಸೇರಿದಳು. ಪಿ ಮೊತ್ ಮತ್ತು ನಾನು ಜೊತೆಗೆ ಹೋದೆವು. ಕೌಂಟರಿನಲ್ಲಿ ಅದೇ ನರ್ಸು. ಅಪ್ಪನ ಹೆಸರು, ಅಮ್ಮನ ಹೆಸರು, ಹುಟ್ಟಿದ ವರ್ಷ, ಊರು. ಪರದೆ ಒಂದು ಕ್ಷಣ ಸುಮ್ಮನಿತ್ತು. ನಾನು ದೇವರಿಗೆ ಕೈ ಮುಗಿಯುವವನಲ್ಲ, ಆದರೂ ಜೇಬಿನಲ್ಲೇ ಬೆರಳು ಬೆರಳಿಗೆ ಸೇರಿಸಿಕೊಂಡು ನಿಂತಿದ್ದೆ. ಆಮೇಲೆ ಕೆಂಪು ಪಟ್ಟಿ ಮೂಡಿತು: ಪೆನಿಸಿಲಿನ್. ಹೆಸರಿನ ಜಾಗದಲ್ಲಿ ಅವಳ ಹೊಸ ಹೆಸರೊಂದೇ ಇತ್ತು. ಡಾಕ್ಟರು ಬಂದು ಓದಿ, ಆಪರೇಷನ್ನಿಗೆ ಮೊದಲು ಎಲ್ಲರಿಗೂ ಕೊಡುವಂಥದ್ದೆಂದು ಬರೆದಿಟ್ಟಿದ್ದ ಮದ್ದಿನ ಮೇಲೆ ಗೀಟು ಎಳೆದರು. ಅವರು ಬರೆದಿದ್ದದ್ದೂ ಅದೇ ಜಾತಿಯ ಮದ್ದು. ನಾನು ಅಲ್ಲಿದ್ದ ಬೆಂಚಿನ ಮೇಲೆ ಕೂತುಬಿಟ್ಟೆ. ಪಿ ಮೊತ್ ಕಣ್ಣೊರೆಸಿಕೊಂಡಳು. ಅಷ್ಟು ವರ್ಷದಲ್ಲಿ ಆಕೆ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮರುದಿನ ಬೆಳಿಗ್ಗೆ ವಾರ್ಡಿಗೆ ಹೋದಾಗ ಪಾ ಸೈ ಎಚ್ಚರವಾಗಿದ್ದಳು. ಗಂಜಿ ಸಪ್ಪೆಯಾಗಿದೆ ಎಂದು ನರ್ಸಿನ ಮೇಲೆ ಹಾರಾಡಿ ಸುಸ್ತಾಗಿ ಮಲಗಿದ್ದಳು. ಪಿ ಮೊತ್ ಪಕ್ಕದ ಸ್ಟೂಲಿನ ಮೇಲೆ ಕೂತಳು.

"ಡಾಕ್ಟ್ರು ಬಂದಿದ್ರು" ಎಂದಳು ಪಾ ಸೈ. "ಆ ಸೂಜಿ ಚುಚ್ಚಿದ್ರೆ ನಾನು ಮೇಜಿನ ಮೇಲೇ ಹೋಗ್ಬಿಡ್ತಿದ್ನಂತೆ. ಯಾರೇ ಹೇಳಿದ್ದು ಅವರಿಗೆ? ನಾನಂತೂ ಆ ಹೆಸರು ಬಾಯಿಬಿಡಲಿಲ್ಲ."

"ನಿಮ್ಮಮ್ಮ ಹೇಳಿದ್ರು ಪಾ."

"ನಮ್ಮಮ್ಮ ಸತ್ತು ಎಷ್ಟು ಕಾಲ ಆಯ್ತೇ ಹುಡುಗಿ."

"ಅವರ ಹೆಸರು ನಿಮ್ಮ ಹಳೇ ಕಾರ್ಡಲ್ಲಿ ಇತ್ತು. ಅದನ್ನ ಹಿಡ್ಕೊಂಡೇ ನಿಮ್ಮನ್ನ ಹುಡುಕಿದ್ದು. ಬೇರೆ ಯಾವ ಹೆಸರೂ ಬೇಕಾಗ್ಲಿಲ್ಲ."

ಪಾ ಸೈ ಸೂಜಿ ಸಿಕ್ಕಿಸಿದ್ದ ಕೈಯನ್ನೇ ಚಾಚಿ ಪಿ ಮೊತ್‌ಳ ಬೆರಳು ಹಿಡಿದಳು. ಒರಳುಗಲ್ಲಿಗಿಂತ ಜೋರಾಗಿದ್ದ ಆ ಬಾಯಿಂದ ಕೊನೆಗೆ ಹೊರಟ ದನಿ ಪಕ್ಕದಲ್ಲೇ ನಿಂತಿದ್ದ ನನಗೂ ಅಷ್ಟಕ್ಕಷ್ಟೇ ಕೇಳಿಸಿತು.

"ನಾನು ಬಿಟ್ರೆ ಅಮ್ಮನ ಹೆಸರು ಹೇಳೋರು ಯಾರೂ ಉಳಿದಿಲ್ಲ. ನೀನೊಂದು ಸಲ ಹೇಳೇ."

"ಬುವಾಫಾನ್" ಎಂದಳು ಪಿ ಮೊತ್.

ಪಾ ಸೈ ಕಣ್ಣು ಮುಚ್ಚಿಕೊಂಡು, ಇನ್ನೊಂದು ಸಲ ಎಂದಳು. ಪಿ ಮೊತ್ ಇನ್ನೊಂದು ಸಲ ಹೇಳಿದಳು.